ರೇಷ್ಮೆಗೂಡಿನಿಂದ ಮುಕ್ತ ವ್ಯಾಪಾರದವರೆಗೆ: ಒಂದು ಮಾದರಿ ಪಾಠದ ತಿದ್ದುಪಡಿ

ಕಳೆದ ಸಾಲಿನ ಬೋಧನಾಭ್ಯಾಸದಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಪ್ರೌಢಶಾಲೆಯೊಂದರ ಹತ್ತನೆಯ ತರಗತಿಗೆ ನಾನು ಜಾಗತೀಕರಣದ ಬಗ್ಗೆ ಮಾದರಿ ಪಾಠ ಮಾಡಿದೆ. ಹಿಂಬದಿಯ ಬೆಂಚುಗಳಲ್ಲಿ ನಮ್ಮ ಕಾಲೇಜಿನ ಹದಿನಾಲ್ಕು ಪ್ರಶಿಕ್ಷಣಾರ್ಥಿಗಳು ಅವಲೋಕನ ಪುಸ್ತಕ ತೆರೆದು ಕುಳಿತಿದ್ದರು. ಪಾಠಯೋಜನೆ ಅಚ್ಚುಕಟ್ಟಾಗಿತ್ತು. 1991ರ ಸುಧಾರಣೆ, ಉದಾರೀಕರಣ, ಖಾಸಗೀಕರಣ, ಜಾಗತೀಕರಣ; ಅನುಕೂಲಗಳು ಐದು, ಅನನುಕೂಲಗಳು ನಾಲ್ಕು. ಅನನುಕೂಲಗಳಲ್ಲಿ ಮೂರನೆಯದನ್ನು ಹಲಗೆಯ ಮೇಲೆ ಹೀಗೆ ಬರೆದೆ: ‘ಕೌಶಲವಿಲ್ಲದವರು ಸ್ಪರ್ಧೆಯಲ್ಲಿ ಹಿಂದೆ ಬಿದ್ದರು.’

ನಡುವಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ನಮ್ಮ ಅಬ್ಬಾಗೆ ಕೌಶಲ ಇಲ್ವಾ? ಕತ್ತಲೇಲಿ ನೂಲು ಮುಟ್ಟಿ ಎಷ್ಟು ದಪ್ಪ ಅಂತ ಹೇಳ್ತಾರೆ. ಆದ್ರೂ ನಮ್ಮ ಚರಕ ನಿಂತೋಯ್ತು.”

“ಒಳ್ಳೆಯ ಪ್ರಶ್ನೆ, ಕೊನೆಯಲ್ಲಿ ನೋಡೋಣ” ಎಂದೆ. ಕೊನೆಯಲ್ಲಿ ನೋಡಲಿಲ್ಲ. ಪಾಠ ಗಂಟೆಗೆ ಸರಿಯಾಗಿ ಮುಗಿಯಿತು, ಮೌಲ್ಯಮಾಪನದ ಪ್ರಶ್ನೆಗಳಿಗೆ ಮಕ್ಕಳು ಸರಿಯುತ್ತರ ಕೊಟ್ಟರು. ಹೊರಗೆ ಬಂದ ಮೇಲೆ ಪ್ರಶಿಕ್ಷಣಾರ್ಥಿಯೊಬ್ಬರು ತಮ್ಮ ಅವಲೋಕನ ಪುಸ್ತಕವನ್ನು ಸಹಿಗಾಗಿ ನನ್ನ ಮುಂದೆ ಹಿಡಿದರು. ಅದರಲ್ಲಿ ಒಂದು ಸಾಲು ಇತ್ತು: ‘ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ.’ ಸಹಿ ಮಾಡಿದೆ.

ಆ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮುಕ್ತ ವ್ಯಾಪಾರ, ಸ್ಪರ್ಧಾಸಾಮರ್ಥ್ಯ, ಮಾನವ ಬಂಡವಾಳ ಎಂಬ ಮೂರು ಪದಗಳನ್ನು ನಾವು ತರಗತಿಯಲ್ಲಿ ಒಂದರ ಪಕ್ಕ ಒಂದು ಇಟ್ಟು ‘ಓದಿದರೆ ಗೆಲ್ಲುತ್ತೀರಿ’ ಎಂಬ ನೀತಿಪಾಠ ಮಾಡಿಬಿಡುತ್ತೇವೆ. ವಿಷಯ ಅಷ್ಟು ಸರಳವಲ್ಲ. ಸೋತವರ ಮಕ್ಕಳೇ ಕೂತಿರುವ ತರಗತಿಯಲ್ಲಿ ಹಾಗೆ ಹೇಳುವುದು ತಪ್ಪೂ ಹೌದು.

ಮೂರು ಪದಗಳು, ಮೂರು ಎಚ್ಚರಿಕೆಗಳು

ಮೊದಲನೆಯದು ವ್ಯಾಪಾರ ಮುಕ್ತತೆ. ಇದನ್ನು ಎರಡು ರೀತಿ ಅಳೆಯುತ್ತಾರೆ. ಒಂದು, ನೀತಿಯ ಅಳತೆ: ಆಮದು ಸುಂಕ ಎಷ್ಟು, ನಿರ್ಬಂಧಗಳು ಎಷ್ಟು. 1991ರ ಜುಲೈ ಬಜೆಟ್‌ಗೆ ಮುಂಚೆ ನಮ್ಮ ದೇಶದಲ್ಲಿ ಕೆಲವು ಸರಕುಗಳ ಮೇಲಿನ ಸುಂಕ ಶೇ. 300ನ್ನೂ ಮೀರಿತ್ತು. ಆ ಬಜೆಟ್ ಗರಿಷ್ಠ ಸುಂಕವನ್ನು ಶೇ. 150ಕ್ಕೆ ಇಳಿಸಿತು, 2007ರ ಹೊತ್ತಿಗೆ ಕೃಷಿಯೇತರ ಸರಕುಗಳ ಸಾಮಾನ್ಯ ಗರಿಷ್ಠ ಸುಂಕ ಶೇ. 10ಕ್ಕೆ ಬಂದಿತ್ತು. ಇನ್ನೊಂದು, ಫಲಿತಾಂಶದ ಅಳತೆ: ರಫ್ತು ಮತ್ತು ಆಮದು ಸೇರಿ ರಾಷ್ಟ್ರೀಯ ಉತ್ಪನ್ನದ ಎಷ್ಟು ಪಾಲು. ಭಾರತದಲ್ಲಿ ಇದು 1991ರಲ್ಲಿ ಸುಮಾರು ಶೇ. 17 ಇದ್ದುದು 2012ರ ಸುಮಾರಿಗೆ ಶೇ. 55ರ ಆಸುಪಾಸಿಗೆ ಏರಿತು, ಆಮೇಲೆ ಸ್ವಲ್ಪ ಇಳಿಯಿತು. ಎಚ್ಚರಿಕೆ ಏನೆಂದರೆ, ಎರಡನೆಯ ಅಳತೆ ಕೇವಲ ನೀತಿಯನ್ನು ತೋರಿಸುವುದಿಲ್ಲ. ಸಿಂಗಪುರದಂಥ ಪುಟ್ಟ ದೇಶದಲ್ಲಿ ಅದು ಶೇ. 300 ದಾಟುತ್ತದೆ, ದೊಡ್ಡ ದೇಶ ತನ್ನೊಳಗೇ ಹೆಚ್ಚು ವ್ಯಾಪಾರ ಮಾಡುವುದರಿಂದ ಕಡಿಮೆ ಇರುತ್ತದೆ. ಕಚ್ಚಾತೈಲದ ಬೆಲೆ ಏರಿದರೂ ನಮ್ಮ ಅಂಕಿ ಏರುತ್ತದೆ.

ಎರಡನೆಯದು ಸ್ಪರ್ಧಾಸಾಮರ್ಥ್ಯ. ಒಂದು ಅಂಗಡಿ ಇನ್ನೊಂದು ಅಂಗಡಿಯೊಡನೆ ಸ್ಪರ್ಧಿಸುವುದು ಸುಲಭವಾಗಿ ಅರ್ಥವಾಗುತ್ತದೆ. ದೇಶ ದೇಶದೊಡನೆ ಸ್ಪರ್ಧಿಸುವುದು ಅಂದರೇನು? ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ 1994ರಲ್ಲಿ ಈ ಮಾತಿನ ಬಳಕೆಯನ್ನೇ ಟೀಕಿಸಿದರು. ನಷ್ಟವಾದ ಅಂಗಡಿ ಬಾಗಿಲು ಹಾಕಬಹುದು, ದೇಶ ಹಾಕಲಾಗದು. ಇನ್ನೊಂದು ದೇಶ ಚೆನ್ನಾಗಿ ಬೆಳೆದರೆ ಅದು ನಮ್ಮ ಸರಕಿಗೆ ಗಿರಾಕಿಯೂ ಆಗುತ್ತದೆ. ಆದ್ದರಿಂದ ದೇಶದ ಮಟ್ಟದಲ್ಲಿ ಈ ಪದಕ್ಕೆ ಉಳಿಯುವ ಗಟ್ಟಿ ಅರ್ಥ ಉತ್ಪಾದಕತೆ: ಒಬ್ಬ ವ್ಯಕ್ತಿಯ ಒಂದು ದಿನದ ದುಡಿಮೆಯಿಂದ ಎಷ್ಟು ಬೆಲೆಯ ಸರಕು ಹೊರಬರುತ್ತದೆ ಎಂಬುದು.

ಮೂರನೆಯದು ಮಾನವ ಬಂಡವಾಳ. ಥಿಯೋಡರ್ ಷುಲ್ಟ್ಜ್ 1960ರ ದಶಕದ ಆರಂಭದಲ್ಲಿ, ಗ್ಯಾರಿ ಬೆಕರ್ 1964ರಲ್ಲಿ ಈ ಕಲ್ಪನೆಗೆ ಇಂದಿನ ರೂಪ ಕೊಟ್ಟರು. ಜನರ ಶಿಕ್ಷಣ, ಆರೋಗ್ಯ, ಕೆಲಸ ಮಾಡುತ್ತಾ ಕಲಿತ ನಿಪುಣತೆ, ಇವುಗಳಿಗೆ ಮಾಡಿದ ವೆಚ್ಚ ಯಂತ್ರಕ್ಕೆ ಹಾಕಿದ ಹಣದಂತೆಯೇ ಮುಂದೆ ಫಲ ಕೊಡುತ್ತದೆ ಎಂಬುದು ಇದರ ಸಾರ. ಇಲ್ಲಿನ ಎಚ್ಚರಿಕೆ ನಮ್ಮಂಥವರಿಗೇ. ಶಾಲೆಯಲ್ಲಿ ಕಳೆದ ವರ್ಷಗಳನ್ನು ಎಣಿಸುವುದು ಸುಲಭವಾದ್ದರಿಂದ ಸಂಶೋಧಕರು ಅದನ್ನು ಎಣಿಸುತ್ತಾರೆ. ನಾವು ಆ ಎಣಿಕೆಯನ್ನೇ ವಸ್ತು ಎಂದು ತಿಳಿದು, ಅಂಕಪಟ್ಟಿ ಇಲ್ಲದವನಿಗೆ ಕೌಶಲವಿಲ್ಲ ಎಂದುಬಿಡುತ್ತೇವೆ. ನಾನು ಹಲಗೆಯ ಮೇಲೆ ಬರೆದದ್ದು ಇದೇ ತಪ್ಪು. ಕತ್ತಲಲ್ಲಿ ನೂಲಿನ ದಪ್ಪ ಹೇಳುವ ಬೆರಳು ಇಪ್ಪತ್ತು ವರ್ಷ ಕಲಿತ ಬೆರಳು. ಅದು ಮಾನವ ಬಂಡವಾಳವೇ.

ಹಾಗಾದರೆ ಚರಕ ಏಕೆ ನಿಂತಿತು?

ಒಂದು ಕಿಲೋ ನೂಲಿನ ಲೆಕ್ಕ

ರೇಷ್ಮೆ ನೂಲಿಗೆ ನಮ್ಮ ದೇಶದಲ್ಲಿ ಬೇಡಿಕೆ ಉತ್ಪಾದನೆಗಿಂತ ಹೆಚ್ಚು. ಕೊರತೆಯನ್ನು ಬಹುಕಾಲ ತುಂಬಿದ್ದು ಚೀನಾದ ಕಚ್ಚಾ ರೇಷ್ಮೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿತು. ನೇಕಾರರಿಗೆ ನೂಲು ಅಗ್ಗವಾಗಲಿ ಎಂಬುದು ಉದ್ದೇಶ. ಆ ವರ್ಷ ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಗೂಡಿನ ಬೆಲೆ ಕುಸಿದು ರೈತರು ಬೀದಿಗೆ ಇಳಿದದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಲಾಯಿತು.

ಸುಂಕ ಶೇ. 25 ಅಂಶ ಇಳಿದರೆ ಹಳ್ಳಿಯ ಮನೆಯಲ್ಲಿ ಏನಾಗುತ್ತದೆ? ಇದನ್ನು ಮಕ್ಕಳು ತಾವೇ ಲೆಕ್ಕ ಹಾಕಿ ಕಂಡುಕೊಳ್ಳಬಲ್ಲರು. ಕೆಳಗಿನ ಬೆಲೆಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು, ಮಾರುಕಟ್ಟೆಯ ದರಗಳಲ್ಲ.

ಬಂದರಿಗೆ ಬಂದ ಒಂದು ಕಿಲೋ ನೂಲಿನ ಬೆಲೆ 2000 ರೂಪಾಯಿ ಎನ್ನೋಣ. ಶೇ. 30 ಸುಂಕ ಸೇರಿದರೆ 2600. ಶೇ. 5 ಸೇರಿದರೆ 2100. ಇಲ್ಲಿನ ರೀಲರ್ ಕೂಡ ಹೆಚ್ಚು ಕಡಿಮೆ ಅದೇ ಬೆಲೆಗೆ ಮಾರಬೇಕು. ಒಂದು ಕಿಲೋ ನೂಲು ಬಿಚ್ಚಲು 7 ಕಿಲೋ ಗೂಡು ಬೇಕು. ಕೂಲಿ, ಸೌದೆ, ಇತರ ಖರ್ಚು ಮತ್ತು ರೀಲರನ ಸಂಪಾದನೆ ಸೇರಿ 500 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲು ಗೂಡಿಗೆ ಉಳಿಯುತ್ತಿದ್ದುದು 2100 ರೂಪಾಯಿ, ಅಂದರೆ ಕಿಲೋ ಗೂಡಿಗೆ 300. ಸುಂಕ ಇಳಿದ ಮೇಲೆ ಉಳಿಯುವುದು 1600, ಅಂದರೆ ಕಿಲೋ ಗೂಡಿಗೆ ಸುಮಾರು 229. ನೂಲಿನ ಬೆಲೆ ಇಳಿದದ್ದು ಶೇ. 19, ಗೂಡಿನ ಬೆಲೆ ಇಳಿದದ್ದು ಸುಮಾರು ಶೇ. 24. ನಡುವಿನ ಖರ್ಚು ಇಳಿಯದ ಕಾರಣ ಪೆಟ್ಟು ಕೆಳಕ್ಕೆ ಹೋದಂತೆ ದೊಡ್ಡದಾಗುತ್ತದೆ.

ರೀಲರನ ಕಥೆ ಇನ್ನೊಂದು. ಅವನು ಗೂಡನ್ನು ಹರಾಜಿನಲ್ಲಿ ಕೊಳ್ಳುವುದು ಇಂದಿನ ಬೆಲೆಗೆ, ನೂಲು ಮಾರುವುದು ಕೆಲವು ದಿನಗಳ ನಂತರದ ಬೆಲೆಗೆ. 300ರಂತೆ ಗೂಡು ಕೊಂಡವನು ನೂಲು ಬಿಚ್ಚಿ ಮುಗಿಸುವಷ್ಟರಲ್ಲಿ ನೂಲಿನ ಬೆಲೆ 2100ಕ್ಕೆ ಇಳಿದಿದ್ದರೆ ಕಿಲೋಗೆ 500 ರೂಪಾಯಿ ಹೋಯಿತು. ದೊಡ್ಡ ಘಟಕ ಇದನ್ನು ತಡೆದುಕೊಳ್ಳುತ್ತದೆ. ಸಾಲ ತಂದು ದಿನದಿನದ ಗೂಡು ಕೊಳ್ಳುವ ಎರಡು ಚರಕದ ಮನೆ ತಡೆದುಕೊಳ್ಳುವುದಿಲ್ಲ. ಇಲ್ಲಿ ಬೆರಳಿನ ಕೌಶಲಕ್ಕೂ ನಷ್ಟಕ್ಕೂ ಸಂಬಂಧವೇ ಇಲ್ಲ.

ಅದೇ ಸುಂಕ ಇಳಿಕೆಯಿಂದ ನೂಲು ಕೊಳ್ಳುವ ನೇಕಾರನಿಗೆ ಕಿಲೋಗೆ 500 ರೂಪಾಯಿ ಉಳಿಯಿತು ಎಂಬುದನ್ನೂ ಮಕ್ಕಳಿಗೆ ಹೇಳಲೇಬೇಕು. ಮೊಳಕಾಲ್ಮುರಿನ ಶಾಲೆಯಲ್ಲಿ ಇದೇ ಪಾಠ ಮಾಡಿದರೆ ಎದ್ದು ನಿಲ್ಲುವ ಮಗು ಬೇರೆ ಪ್ರಶ್ನೆ ಕೇಳುತ್ತದೆ. ವ್ಯಾಪಾರ ತೆರೆದಾಗ ದೇಶ ಒಟ್ಟಾರೆ ಗಳಿಸಬಹುದು, ಆದರೆ ಗಳಿಸುವವರೂ ಕಳೆದುಕೊಳ್ಳುವವರೂ ಒಂದೇ ಮನೆಯವರಲ್ಲ. ಈ ಒಂದು ವಾಕ್ಯ ಅರ್ಥವಾದರೆ ಜಾಗತೀಕರಣದ ಪಾಠದ ಅರ್ಧ ಮುಗಿದಂತೆ.

ಕೌಶಲ ಎಲ್ಲಿರುತ್ತದೆ?

ಚೀನಾದ ನೂಲಿಗೆ ಬೆಲೆಯಲ್ಲದೆ ಇನ್ನೊಂದು ಬಲವಿತ್ತು: ಅದು ಒಂದೇ ಸಮ. ವಿದ್ಯುತ್ ಮಗ್ಗದ ಹಾಸಿಗೆ ವೇಗವಾಗಿ ಎಳೆದರೂ ಹರಿಯದ, ಉದ್ದಕ್ಕೂ ಒಂದೇ ದಪ್ಪದ ಎಳೆ ಬೇಕು. ಚರಕದ ಮಿಶ್ರತಳಿ ನೂಲನ್ನು ಹೊಕ್ಕಿಗೆ ಬಳಸಬಹುದು, ಹಾಸಿಗೆ ಕಷ್ಟ.

ಒಂದೇ ಸಮ ನೂಲು ಬರುವುದು ಯಾರ ಕೌಶಲದಿಂದ? ತೆಳುವಾದ ರೇಷ್ಮೆ ನೂಲಿನ ಒಂದು ಎಳೆಯಲ್ಲಿ ಎಂಟು ಹತ್ತು ಗೂಡುಗಳ ತಂತುಗಳು ಸೇರಿರುತ್ತವೆ. ಗೂಡು ಮುಗಿಯುತ್ತ ಬಂದಂತೆ ತಂತು ಸಣ್ಣದಾಗುತ್ತದೆ. ಸರಿಯಾದ ಗಳಿಗೆಯಲ್ಲಿ ಹೊಸ ಗೂಡಿನ ತುದಿ ಕೂಡಿಸಬೇಕು. ಅದು ರೀಲರನ ಕೈಚಳಕ. ಆದರೆ ಗೂಡುಗಳೇ ಹತ್ತು ರೈತರ ಹತ್ತು ಬಗೆಯವಾಗಿದ್ದರೆ ಎಂಥ ಕೈಯೂ ಸಮ ಮಾಡಲಾರದು. ಸಮವಾದ ಗೂಡಿಗೆ ದ್ವಿತಳಿ ಹುಳು ಬೇಕು. ದ್ವಿತಳಿ ಹುಳು ಮೂಲತಃ ತಂಪು ಹವೆಯದು. ನಮ್ಮ ಸೆಕೆಗೆ ಒಗ್ಗುವ ತಳಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಬೇಕು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಜಪಾನಿನ ತಾಂತ್ರಿಕ ಸಹಕಾರದೊಂದಿಗೆ ಆ ಕೆಲಸ ಮಾಡಿತು. ತಳಿ ಬಂದ ಮೇಲೆ ರೈತನಿಗೆ ಪ್ರತ್ಯೇಕ ಹುಳುಮನೆ, ಸೋಂಕು ನಿವಾರಣೆ, ಉಷ್ಣಾಂಶ ತೇವಾಂಶಗಳ ನಿಗಾ, ಚಾಕಿ ಹುಳುವಿನ ಆರೈಕೆ ತಿಳಿದಿರಬೇಕು. ಇವೆಲ್ಲ ಓದಿ, ನೋಡಿ, ಅಳೆದು ಕಲಿಯುವ ವಿಷಯಗಳು. ಆಮೇಲೆ ನೂಲಿನ ದರ್ಜೆ ಪರೀಕ್ಷೆ, ಸಕಾಲದ ಸಾಲ, ಯಂತ್ರ.

ಅಂದರೆ ಸ್ಪರ್ಧೆಗೆ ಬೇಕಾದ ಮಾನವ ಬಂಡವಾಳ ಒಬ್ಬ ಮನುಷ್ಯನೊಳಗೆ ಇರುವುದಿಲ್ಲ. ಅದು ವಿಜ್ಞಾನಿ, ವಿಸ್ತರಣಾ ಸಿಬ್ಬಂದಿ, ರೈತ, ರೀಲರ್, ಪರೀಕ್ಷಕ ಇವರ ನಡುವೆ ಹಂಚಿಹೋಗಿರುತ್ತದೆ. ಎಂಟು ತಂತುಗಳಲ್ಲಿ ಎರಡು ತುಂಡಾದರೆ ಎಳೆ ಅಲ್ಲಿ ಸಣ್ಣದಾಗುತ್ತದೆ. ಉಳಿದ ಆರು ಎಷ್ಟು ಗಟ್ಟಿ ಇದ್ದರೂ ಮಗ್ಗದಲ್ಲಿ ಅದು ಅಲ್ಲೇ ಹರಿಯುತ್ತದೆ. ಹುಡುಗಿಯ ತಂದೆಯ ಬೆರಳು ಗಟ್ಟಿಯಾದ ತಂತು. ಹರಿದದ್ದು ಬೇರೆ ಕಡೆ.

ಕಲಿಕೆ ಎಷ್ಟು ಮಾಡಬಲ್ಲದು ಎಂಬುದನ್ನೂ ಅದೇ ಲೆಕ್ಕದಿಂದ ತೋರಿಸಬಹುದು. ಉತ್ತಮ ಗೂಡು, ಉತ್ತಮ ಬಿಚ್ಚಾಣಿಕೆಯಿಂದ ಕಿಲೋ ನೂಲಿಗೆ 7ರ ಬದಲು 6 ಕಿಲೋ ಗೂಡು ಸಾಕಾದರೆ, 1600 ರೂಪಾಯಿಯನ್ನು 6ರಿಂದ ಭಾಗಿಸಿ: ಕಿಲೋ ಗೂಡಿಗೆ ಸುಮಾರು 267. ಕಳೆದುಹೋದ 71 ರೂಪಾಯಿಯಲ್ಲಿ 38 ಮರಳಿ ಬಂತು. ಕಲಿಕೆ ನಷ್ಟದ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ತುಂಬಿಕೊಟ್ಟಿತು, ಪೂರ್ತಿಯನ್ನಲ್ಲ. ಈ ಎರಡೂ ಮಾತನ್ನು ಒಟ್ಟಿಗೆ ಹೇಳುವುದು ಪ್ರಾಮಾಣಿಕತೆ.

ಅದೇ ಬಾಗಿಲು, ಇನ್ನೊಂದು ಕಡೆ

ಶಿಡ್ಲಘಟ್ಟದಿಂದ ಎರಡು ಗಂಟೆ ಪ್ರಯಾಣ ಮಾಡಿದರೆ ಬೆಂಗಳೂರು. ರೇಷ್ಮೆಯನ್ನು ಒಳಗೆ ಬಿಟ್ಟ ಬಾಗಿಲೇ ಅಲ್ಲಿಂದ ತಂತ್ರಾಂಶವನ್ನು ಹೊರಗೆ ಬಿಟ್ಟಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದು ಉಪಗ್ರಹ ಸಂಪರ್ಕದ ಮೂಲಕ ಕೆಲಸ ಶುರು ಮಾಡಿದಾಗ ಎಂಜಿನಿಯರುಗಳು ಇಲ್ಲಿ ಸಿದ್ಧರಿದ್ದರು. ಅವರು ಒಂದು ದಿನದಲ್ಲಿ ಸಿದ್ಧರಾದವರಲ್ಲ. 1909ರ ಭಾರತೀಯ ವಿಜ್ಞಾನ ಸಂಸ್ಥೆ, 1917ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಆರಂಭವಾದ ಎಂಜಿನಿಯರಿಂಗ್ ಕಾಲೇಜು, 1940ರಿಂದ ಮುಂದೆ ಬಂದ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಕಾರ್ಯಾಗಾರಗಳು ಮೂರು ತಲೆಮಾರು ಕೂಡಿಟ್ಟ ಕಲಿಕೆ ಅದು. ಯಾವ ಆರ್ಥಿಕ ಸಚಿವರೂ ಅದನ್ನು ಒಂದು ಬಜೆಟ್‌ನಲ್ಲಿ ತರಲಾಗುತ್ತಿರಲಿಲ್ಲ.

ಆದರೆ ಇದೇ ಹೊತ್ತಿನ ಇನ್ನೊಂದು ಅಂಕಿ: 1991ರ ಜನಗಣತಿಯಲ್ಲಿ ಭಾರತದ ಸಾಕ್ಷರತೆ ಶೇ. 52, ಮಹಿಳೆಯರಲ್ಲಿ ಶೇ. 39. ಕರ್ನಾಟಕದ್ದು ಶೇ. 56, ಮಹಿಳೆಯರಲ್ಲಿ ಶೇ. 44. ಮೇಲಿನ ಮಹಡಿ ಕಟ್ಟಿ ಮುಗಿದಿತ್ತು, ನೆಲಮಹಡಿಯ ಅರ್ಧಕ್ಕೆ ಚಾವಣಿ ಇರಲಿಲ್ಲ. ಬಾಗಿಲು ತೆರೆದಾಗ ಮೇಲಿದ್ದವರು ಜಗತ್ತಿಗೆ ಸೇವೆ ಮಾರಿದರು. ಕೆಳಗಿದ್ದವರಲ್ಲಿ ಬಹುಪಾಲು ಜನ ಹೊಲದಲ್ಲೋ ಚಿಕ್ಕಪುಟ್ಟ ಕೆಲಸದಲ್ಲೋ ಉಳಿದರು. ಸಿದ್ಧ ಉಡುಪಿನ ಕಾರ್ಖಾನೆಗಳು ಹಳ್ಳಿಯ ಲಕ್ಷಾಂತರ ಹೆಣ್ಣುಮಕ್ಕಳಿಗೆ ಸಂಬಳ ಕೊಟ್ಟದ್ದು ನಿಜ, ಆದರೆ ಅಲ್ಲಿ ಒಂದೇ ಹೊಲಿಗೆಯನ್ನು ದಿನವಿಡೀ ಹಾಕುವವಳಿಗೆ ಮೇಲೇರುವ ಮೆಟ್ಟಿಲು ಕಡಿಮೆ.

ಬಾಗಿಲು ಮೊದಲೋ, ಶಾಲೆ ಮೊದಲೋ?

ಪ್ರಶಿಕ್ಷಣಾರ್ಥಿಗಳು ಚರ್ಚೆಯಲ್ಲಿ ಸಾಮಾನ್ಯವಾಗಿ ದಕ್ಷಿಣ ಕೊರಿಯಾವನ್ನು ತರುತ್ತಾರೆ. ತರಬೇಕಾದದ್ದೇ. 1945ರಲ್ಲಿ ಅಲ್ಲಿ ವಯಸ್ಕರಲ್ಲಿ ಹೆಚ್ಚಿನವರಿಗೆ ಓದಲು ಬರುತ್ತಿರಲಿಲ್ಲ. 1960ರ ಹೊತ್ತಿಗೆ ಬಹುತೇಕ ಎಲ್ಲ ಮಕ್ಕಳೂ ಪ್ರಾಥಮಿಕ ಶಾಲೆಯಲ್ಲಿದ್ದರು. ರಫ್ತಿನ ಓಟ ಶುರುವಾದದ್ದು ಆಮೇಲೆ. 1964ರಲ್ಲಿ ಅದರ ರಫ್ತು ಹತ್ತು ಕೋಟಿ ಡಾಲರ್. ಬಟ್ಟೆ, ಪ್ಲೈವುಡ್, ಕೃತಕ ಕೂದಲಿನ ಟೋಪನ್ನು ಮಾರುತ್ತಿದ್ದ ದೇಶ ಅದು. 1977ರಲ್ಲಿ ರಫ್ತು ಸಾವಿರ ಕೋಟಿ ಡಾಲರ್. ವಿಯೆಟ್ನಾಂ 1986ರಲ್ಲಿ ತನ್ನ ಆರ್ಥಿಕತೆ ತೆರೆಯಲು ಹೊರಟಾಗ ಅದು ನಮಗಿಂತ ಬಡದೇಶ, ಆದರೆ ಅಲ್ಲಿನ ಹತ್ತು ವಯಸ್ಕರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಅಕ್ಷರಸ್ಥರು. 2012ರ ಅಂತರರಾಷ್ಟ್ರೀಯ ಪೀಸಾ ಪರೀಕ್ಷೆಯಲ್ಲಿ ಅಲ್ಲಿನ ಹದಿನೈದರ ಮಕ್ಕಳು ಗಣಿತದಲ್ಲಿ ಶ್ರೀಮಂತ ದೇಶಗಳ ಸರಾಸರಿಯನ್ನೂ ಮೀರಿದರು. (ಆ ವಯಸ್ಸಿಗೆ ಶಾಲೆ ಬಿಟ್ಟಿದ್ದ ಮಕ್ಕಳು ಪರೀಕ್ಷೆಯಲ್ಲಿ ಇರಲಿಲ್ಲ ಎಂಬುದನ್ನು ಮರೆಯಬಾರದು.) 2009ರ ಸುತ್ತಿನಲ್ಲಿ ಭಾಗವಹಿಸಿದ್ದ ನಮ್ಮ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಪಟ್ಟಿಯ ಕೊನೆಯ ಸ್ಥಾನಗಳಲ್ಲಿದ್ದವು.

ಇಷ್ಟಕ್ಕೇ ‘ಶಾಲೆ ಮೊದಲು, ಬಾಗಿಲು ಆಮೇಲೆ’ ಎಂಬ ಸೂತ್ರ ಬರೆದುಕೊಳ್ಳುವುದು ಬೇಡ. ಕೊರಿಯಾದಲ್ಲಿ ಭೂಸುಧಾರಣೆ, ಸರ್ಕಾರಿ ಸಾಲ, ಸ್ವಂತ ಕೈಗಾರಿಕೆಗೆ ರಕ್ಷಣೆ ಎಲ್ಲವೂ ಇದ್ದವು. ನಮ್ಮ ಪಕ್ಕದ ಕೇರಳದಲ್ಲಿ ಸಾಕ್ಷರತೆ ಇತ್ತು, ಕಾರ್ಖಾನೆಗಳು ಅಷ್ಟಾಗಿ ಬರಲಿಲ್ಲ. ಓದಿದವರು ತಾವೇ ಕೊಲ್ಲಿ ದೇಶಗಳಿಗೆ ಹೋದರು. ಬಾಂಗ್ಲಾದೇಶದಲ್ಲಿ ಸಾಕ್ಷರತೆ ಕಡಿಮೆ ಇದ್ದಾಗಲೇ ಉಡುಪಿನ ಕಾರ್ಖಾನೆಗಳು ಬಂದವು. ಕಾರ್ಖಾನೆಗಳ ಸಮೀಪದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹೆಚ್ಚು ಕಾಲ ಶಾಲೆಯಲ್ಲಿ ಉಳಿದದ್ದನ್ನು ಅಧ್ಯಯನಗಳು ತೋರಿಸಿವೆ. ಅಲ್ಲಿ ವ್ಯಾಪಾರವೇ ಶಾಲೆಗೆ ಕಳಿಸಿತು. ಹೀಗೆ ಸಂಬಂಧ ಎರಡು ದಿಕ್ಕಿನದು: ಕಲಿಕೆ ವ್ಯಾಪಾರವನ್ನು ಬೆಳೆಸುತ್ತದೆ, ವ್ಯಾಪಾರ ಕಲಿಕೆಯನ್ನು ಬೆಳೆಸಬಹುದು ಅಥವಾ ಕೆಡಿಸಬಹುದು. ‘ಕೆಡಿಸಬಹುದು’ ಎಂಬುದೇ ನಮಗೆ ಹೆಚ್ಚು ಮುಖ್ಯ.

ಪೆಟ್ಟು ಬೆಂಚಿಗೆ ಬೀಳುವ ಬಗೆ

ನಮ್ಮ ರಾಜ್ಯಕ್ಕೂ ಸಂಬಂಧಿಸಿದ ಒಂದು ಅಧ್ಯಯನವಿದೆ. ಎಮಿಲಿ ಓಸ್ಟರ್ ಮತ್ತು ಬ್ರೈಸ್ ಸ್ಟೈನ್‌ಬರ್ಗ್ ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡುಗಳ ಶಾಲಾ ದಾಖಲಾತಿಯನ್ನು ನೋಡಿ 2013ರಲ್ಲಿ ಪ್ರಕಟಿಸಿದ್ದು: ಮಾಹಿತಿ ತಂತ್ರಜ್ಞಾನ ಆಧಾರಿತ ಸೇವಾ ಕೇಂದ್ರವೊಂದು ಬಂದರೆ ಅದರ ಆಸುಪಾಸಿನ ಶಾಲೆಗಳಲ್ಲಿ ದಾಖಲಾತಿ ಸುಮಾರು ಶೇ. 5ರಿಂದ 6ರಷ್ಟು ಏರುತ್ತದೆ. ಆದರೆ ಪರಿಣಾಮ ಕೆಲವೇ ಕಿಲೋಮೀಟರಿಗೆ ಸೀಮಿತ, ಮತ್ತು ಏರಿಕೆ ಕಂಡದ್ದು ಮುಖ್ಯವಾಗಿ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ. ಅವಕಾಶ ಕಣ್ಣಿಗೆ ಕಂಡಲ್ಲಿ ತಂದೆತಾಯಿ ಮಕ್ಕಳನ್ನು ಓದಿಸುತ್ತಾರೆ. ಕಾಣದ ಊರಿಗೆ ಅದರ ಬಿಸಿ ತಟ್ಟುವುದಿಲ್ಲ.

ಇದಕ್ಕೆ ಎದುರಾದ ಅಧ್ಯಯನ ಎಡ್ಮಂಡ್ಸ್, ಪಾವ್ಚ್ನಿಕ್, ಟೊಪಲೋವಾ ಎಂಬ ಮೂವರು 2010ರಲ್ಲಿ ಪ್ರಕಟಿಸಿದ್ದು. 1990ರ ದಶಕದಲ್ಲಿ ದೇಶದೆಲ್ಲೆಡೆ ಶಾಲೆಗೆ ಹೋಗುವ ಮಕ್ಕಳು ಹೆಚ್ಚಿದರು, ಬಾಲಕಾರ್ಮಿಕರು ಕಡಿಮೆಯಾದರು. ಆದರೆ ಯಾವ ಜಿಲ್ಲೆಗಳ ಉದ್ಯೋಗ ಸುಂಕದ ರಕ್ಷಣೆ ಕಳೆದುಕೊಂಡ ಕಸುಬುಗಳನ್ನು ನೆಚ್ಚಿತ್ತೋ ಅಂಥ ಗ್ರಾಮೀಣ ಜಿಲ್ಲೆಗಳಲ್ಲಿ ಈ ಸುಧಾರಣೆ ಕಡಿಮೆ ಇತ್ತು. ಬಡತನ ಇಳಿಯುವುದು ನಿಧಾನವಾದಲ್ಲಿ ಕುಟುಂಬಗಳು ಉಳಿಸಿದ್ದು ಶಾಲೆಯ ಖರ್ಚನ್ನು.

ಇದನ್ನು ಓದಿದಾಗ ನನಗೆ ಆ ತರಗತಿಯ ನಡುವಿನ ಸಾಲು ಕಣ್ಣಮುಂದೆ ಬಂತು. ತಂದೆಯ ಚರಕ ನಿಂತ ವರ್ಷ ಮಗಳ ಓದು ನಿಲ್ಲುವ ಅಪಾಯ ಅತಿ ಹೆಚ್ಚು. ದೇಶಕ್ಕೆ ಮುಂದಿನ ಸ್ಪರ್ಧೆಗೆ ಬೇಕಾದ ಮಾನವ ಬಂಡವಾಳ ಹಿಂದಿನ ಸ್ಪರ್ಧೆಯಲ್ಲಿ ಸೋತವರ ಮನೆಯಲ್ಲೇ ಕರಗುತ್ತದೆ. ವ್ಯಾಪಾರ ತೆರೆಯಬೇಕೇ ಬೇಡವೇ ಎಂಬ ವಾದ ನಮ್ಮ ಕೈಯಲ್ಲಿಲ್ಲ. ತೆರೆದಾಗ ಬೀಳುವ ಪೆಟ್ಟು ಶಾಲೆಯ ಬೆಂಚಿನ ತನಕ ಬಾರದಂತೆ ತಡೆಯುವುದು ಸರ್ಕಾರದ ಕೆಲಸ, ಸ್ವಲ್ಪ ಮಟ್ಟಿಗೆ ನಮ್ಮ ಕೆಲಸವೂ ಹೌದು.

ಮರುಪಾಠ

ಹದಿನೈದು ದಿನ ಬಿಟ್ಟು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅದೇ ತರಗತಿಗೆ ಎರಡು ಅವಧಿಗಳ ಪಾಠ ಮಾಡಿದೆ. ‘ಹಿಂದಿನ ಸಲ ಹಲಗೆಯ ಮೇಲೆ ನಾನು ಬರೆದ ಮೂರನೆಯ ಅಂಶ ತಪ್ಪು’ ಎಂದು ಹೇಳಿಯೇ ಶುರು ಮಾಡಿದೆ. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು.

ಬೋಧನೋಪಕರಣಗಳು ಕಡಿಮೆ: ಒಂದು ಹಿಡಿ ಗೂಡು, ಎರಡು ಬಗೆಯ ನೂಲಿನ ತುಂಡುಗಳು, 30, 5, 15 ಎಂದು ಬರೆದ ಮೂರು ಚೀಟಿಗಳು. ತರಗತಿಯನ್ನು ಹುಳು ಸಾಕುವವರು, ರೀಲರುಗಳು, ನೇಕಾರರು, ಸೀರೆ ಕೊಳ್ಳುವವರು ಎಂದು ನಾಲ್ಕು ಗುಂಪು ಮಾಡಿದೆವು. ಪ್ರಶಿಕ್ಷಣಾರ್ಥಿಯೊಬ್ಬರು ಒಂದೊಂದೇ ಚೀಟಿ ಎತ್ತಿದಾಗ ಪ್ರತಿ ಗುಂಪು ತನ್ನ ಲೆಕ್ಕ ಹಾಕಿ ಹಲಗೆಯ ಮೇಲೆ ಬರೆಯಬೇಕು. 5ರ ಚೀಟಿ ಬಂದಾಗ ನೇಕಾರರ ಗುಂಪು ಚಪ್ಪಾಳೆ ತಟ್ಟಿತು, ಹುಳು ಸಾಕುವವರ ಗುಂಪು ಸುಮ್ಮನಾಯಿತು. ಲಾಭ ನಷ್ಟ ಎರಡೂ ಒಂದೇ ಚೀಟಿಯಿಂದ ಬಂದದ್ದನ್ನು ನಾನು ವಿವರಿಸಬೇಕಾಗಲಿಲ್ಲ.

ಎರಡನೆಯ ಅವಧಿಯಲ್ಲಿ ‘ಈ ನೂಲಿನಲ್ಲಿ ಯಾರ ಯಾರ ಕೌಶಲವಿದೆ?’ ಎಂದು ಕೇಳಿದೆ. ಮಕ್ಕಳು ಹದಿನೊಂದು ಬಗೆಯವರನ್ನು ಪಟ್ಟಿ ಮಾಡಿದರು. ಸೊಪ್ಪು ಕೊಯ್ಯುವವರನ್ನು, ಹುಳು ಹಣ್ಣಾದದ್ದನ್ನು ಗುರುತಿಸಿ ಚಂದ್ರಿಕೆಗೆ ಬಿಡುವ ಅಜ್ಜಿಯನ್ನು ನಾನು ಮರೆತಿದ್ದೆ, ಅವರು ಮರೆತಿರಲಿಲ್ಲ. 7ರ ಬದಲು 6ರಿಂದ ಭಾಗಿಸುವ ಲೆಕ್ಕವನ್ನು ಆ ಹುಡುಗಿಯೇ ಹಲಗೆಯ ಮೇಲೆ ಮಾಡಿದಳು. ಕೂರುವ ಮೊದಲು ಕೇಳಿದಳು: “7ನ್ನ 6 ಮಾಡೋದನ್ನ 5ರ ಚೀಟಿ ಬರೋಕೆ ಮುಂಚೆ ಯಾರು ಕಲಿಸಬೇಕಿತ್ತು, ಸರ್?”

ಈ ಸಲ ಉತ್ತರ ನನ್ನ ಬಳಿ ಇತ್ತು, ಪೂರ್ತಿ ಅಲ್ಲ. ತಳಿ, ತರಬೇತಿ, ಸಾಲ, ಯಂತ್ರ ಎಲ್ಲವೂ ಬರುತ್ತಿದ್ದವು, ಆದರೆ ಬೆಲೆ ಬೀಳುವ ವೇಗಕ್ಕಿಂತ ನಿಧಾನವಾಗಿ ಬರುತ್ತಿದ್ದವು ಎಂದೆ. ಸುಂಕ ಒಂದು ದಿನದಲ್ಲಿ ಬದಲಾಗುತ್ತದೆ, ಕಲಿಕೆಗೆ ವರ್ಷಗಳು ಬೇಕು. ಆದ್ದರಿಂದ ಬಾಗಿಲು ತೆರೆಯುವವರು ಕಲಿಸುವ ಕೆಲಸವನ್ನು ಮುಂಚಿತವಾಗಿ ಶುರು ಮಾಡಬೇಕು, ತೆರೆದ ಮೇಲೆ ಬಿದ್ದವರ ಮನೆಯ ಮಕ್ಕಳನ್ನು ಶಾಲೆಯಲ್ಲಿ ಉಳಿಸಬೇಕು. ಅವಳು ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ಮೂರು ಮಾತು

ಒಂದು: ಅರ್ಥಶಾಸ್ತ್ರದ ಪಾಠಯೋಜನೆ ಬರೆಯುವ ಮುಂಚೆ ಆ ಊರಿನ ಜನ ಯಾವ ಕಸುಬಿನಿಂದ ಬದುಕುತ್ತಾರೆ ಎಂದು ಕೇಳಿಕೊಳ್ಳಿ. ಕರಾವಳಿಯಲ್ಲಿ ಮೀನು ಮತ್ತು ಗೋಡಂಬಿ, ಮಲೆನಾಡಿನಲ್ಲಿ ಕಾಫಿ, ಮೆಣಸು, ಅಡಿಕೆ, ಬಳ್ಳಾರಿಯಲ್ಲಿ ಅದಿರು ಮತ್ತು ಜೀನ್ಸ್, ಎಲ್ಲದಕ್ಕೂ ಗಡಿಯಾಚೆಯ ಬೆಲೆಯ ನಂಟಿದೆ. ಉದಾಹರಣೆ ಪಠ್ಯದಿಂದ ಬರಬೇಕಾಗಿಲ್ಲ.

ಎರಡು: ‘ಅನುಕೂಲ, ಅನನುಕೂಲ’ ಎಂದು ಎರಡು ಪಟ್ಟಿ ಬರೆಸುವ ಬದಲು ‘ಯಾರಿಗೆ ಅನುಕೂಲ, ಯಾರಿಗೆ ಅನನುಕೂಲ’ ಎಂದು ಒಂದು ಕೋಷ್ಟಕ ಮಾಡಿಸಿ. ಪರೀಕ್ಷೆಯ ಉತ್ತರಕ್ಕೂ ಅದು ಸಾಕಾಗುತ್ತದೆ.

ಮೂರು: ‘ಕೌಶಲವಿಲ್ಲದವರು’ ಎಂಬ ಪದವನ್ನು ಹಲಗೆಯ ಮೇಲೆ ಬರೆಯುವ ಮುನ್ನ ತರಗತಿಯನ್ನು ಒಮ್ಮೆ ತಿರುಗಿ ನೋಡಿ. ಅಮರ್ತ್ಯ ಸೇನ್ ಅವರು ಮಾನವ ಬಂಡವಾಳದ ಮಾತು ಉಪಯುಕ್ತ, ಆದರೆ ಮನುಷ್ಯ ಕೇವಲ ಉತ್ಪಾದನೆಯ ಸಾಧನವಲ್ಲ ಎಂದು ಎಚ್ಚರಿಸಿದ್ದಾರೆ. ಶಿಕ್ಷಕರಿಗೆ ಇದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ; ಮಗು ಎದ್ದು ನಿಂತಾಗ ಕೂರಿಸದೆ ಕೇಳಿಸಿಕೊಂಡರೆ ಸಾಕು.

ಆ ಮರುಪಾಠದ ಅವಲೋಕನ ಪುಸ್ತಕಗಳಿಗೂ ನಾನೇ ಸಹಿ ಮಾಡಿದೆ. ಒಂದರಲ್ಲಿ ‘ಎರಡನೆಯ ಅವಧಿ ಆರು ನಿಮಿಷ ಮೀರಿತು’ ಎಂದಿತ್ತು. ಅದೂ ಸರಿಯಾದ ಅವಲೋಕನವೇ.